ಬುಕಿಂಗ್‌ಗೆ ಮೊದಲು ಕಾರು ನಿಮ್ಮ ದಾರಿ ನೋಡಲಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಪಿ.ಬಿ. ರಸ್ತೆಯಲ್ಲೋ ಯಾವ ಕಾರ್ ಶೋರೂಮಿಗೆ ಹೋದರೂ ಟೆಸ್ಟ್ ಡ್ರೈವ್‌ಗೆ ಇಲ್ಲ ಅನ್ನುವುದಿಲ್ಲ. ಆದರೆ ಆ ಓಟ ಮೂರ್ನಾಲ್ಕು ಕಿಲೊಮೀಟರಿಗೆ ಮುಗಿಯುತ್ತದೆ. ಎ.ಸಿ. ಮೊದಲೇ ತಂಪಾಗಿರುತ್ತದೆ, ಹಿಂದಿನ ಸೀಟು ಖಾಲಿ ಇರುತ್ತದೆ, ಪಕ್ಕದಲ್ಲಿ ಕುಳಿತ ಸೇಲ್ಸ್ ಹುಡುಗ ಸನ್‌ರೂಫ್ ತೆರೆದು ತೋರಿಸುತ್ತಿರುತ್ತಾನೆ. ಹತ್ತು ನಿಮಿಷದ ಈ ಸುತ್ತಾಟ ನಂಬಿ ಹತ್ತು-ಹನ್ನೆರಡು ಲಕ್ಷ ರೂಪಾಯಿಯ ತೀರ್ಮಾನ ಮಾಡುವವರೇ ಹೆಚ್ಚು.

ತೀರ್ಮಾನ ತಪ್ಪಿದರೆ ನಷ್ಟ ಸಣ್ಣದಲ್ಲ. ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ಬೆಲೆಯನ್ನನುಸರಿಸಿ ಶೇ 13ರಿಂದ 18ರವರೆಗೆ ಆಜೀವ ತೆರಿಗೆ ಕಟ್ಟಬೇಕು. ಕೆಎ-25 ಇಲ್ಲವೇ ಕೆಎ-63 ನಂಬರ್ ಬಿದ್ದ ಮೇಲೆ ಅದೇ ಕಾರು ಮಾರಲು ಹೋದರೆ ಹಳೆ ಗಾಡಿಯ ರೇಟು. ಅದಕ್ಕೇ ಬುಕಿಂಗ್ ಹಣ ಕೊಡುವ ಮೊದಲು ಅರ್ಧ ದಿನವೋ ಒಂದು ದಿನವೋ ಗಾಡಿ ಕೇಳಿ ಪಡೆಯಿರಿ. ಕೊಡಲೇಬೇಕೆಂಬ ನಿಯಮವೇನೂ ಇಲ್ಲ. ಆದರೆ ಹಣ ಇನ್ನೂ ನಿಮ್ಮ ಕೈಯಲ್ಲಿರುವಾಗ ನಿಮ್ಮ ಮಾತಿಗಿರುವ ತೂಕ ಮುಂಗಡ ಕೊಟ್ಟ ಮೇಲೆ ಇರುವುದಿಲ್ಲ.

1. ಪಟ್ಟಿಯನ್ನು ಎರಡಕ್ಕೆ ಇಳಿಸಿ

ಐದಾರು ಕಾರು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡ ಡ್ರೈವ್ ಕೇಳಿದರೆ ಯಾರೂ ಕಿವಿಗೊಡರು. ಹತ್ತು ನಿಮಿಷದ ಓಟ ಇಂಥ ಸೋಸುವಿಕೆಗೆ ಸಾಕು. ಎರಡು ಉಳಿದ ಮೇಲೆ ದೊಡ್ಡದನ್ನು ಕೇಳಿ. ನೀವು ಕೊಳ್ಳಬೇಕೆಂದಿರುವ ಎಂಜಿನ್, ಗೇರ್‌ಬಾಕ್ಸ್ ಇರುವ ಡೆಮೊ ಗಾಡಿಯೇ ಬೇಕೆಂದು ಹೇಳಿ. ಶೋರೂಮಿನ ಡೆಮೊ ಸಾಮಾನ್ಯವಾಗಿ ಟಾಪ್ ಮಾಡೆಲ್ ಆಗಿರುತ್ತದೆ. ಕೆಳಗಿನ ಮಾಡೆಲ್‌ನಲ್ಲಿ ಟೈರು, ಸೀಟು, ಹೆಡ್‌ಲೈಟ್ ಬೇರೆ ಇರಬಹುದು. ವ್ಯತ್ಯಾಸವನ್ನು ಮೊದಲೇ ಬರೆಸಿಕೊಳ್ಳಿ.

2. ಹೊತ್ತು ನೋಡಿ ಕೇಳಿ

ಯುಗಾದಿ, ಆಯುಧಪೂಜೆ, ದೀಪಾವಳಿಯ ಮುಂದೆ ಶೋರೂಮಿನವರಿಗೆ ಡೆಲಿವರಿ ಮಾಡಿ ಮುಗಿಯುವುದಿಲ್ಲ. ಶನಿವಾರ, ಭಾನುವಾರ ಡೆಮೊ ಗಾಡಿಗೆ ಸರದಿ ಇರುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಹೊಸ ಗಾಡಿ ತರುವವರು ಕಡಿಮೆ; ಡೆಮೊ ಸುಮ್ಮನೆ ನಿಂತಿರುತ್ತದೆ. ಆಷಾಢದಲ್ಲಿ ಓಡಿಸಿ, ಬೇಕಿದ್ದರೆ ಶ್ರಾವಣದಲ್ಲಿ ಮನೆಗೆ ತನ್ನಿ. ಜಿಟಿಜಿಟಿ ಮಳೆಯಲ್ಲಿ ವೈಪರ್, ಗಾಜಿನ ಮಂಜು, ಬ್ರೇಕ್ ಎಲ್ಲದರ ಪರೀಕ್ಷೆಯೂ ಆಗುತ್ತದೆ. ವಾರದ ನಡುವಿನ ದಿನ, ಬೆಳಗಿನ ಹೊತ್ತು ಒಳ್ಳೆಯದು.

3. ಸೇಲ್ಸ್ ಮ್ಯಾನೇಜರನ್ನೇ ಕಾಣಿರಿ

ಎದುರಿಗೆ ಬರುವ ಹುಡುಗನಿಗೆ ಗಾಡಿ ಅರ್ಧ ದಿನ ಕೊಡುವ ಅಧಿಕಾರ ಇರುವುದಿಲ್ಲ. ಮ್ಯಾನೇಜರ್ ಹತ್ತಿರ ನೇರವಾಗಿ, ನಿಖರವಾಗಿ ಕೇಳಿ: “ಸರ್ರ, ಈ ಗಾಡಿ, ಆ ಕಂಪನಿ ಗಾಡಿ, ಎರಡರಾಗ ಒಂದು ತಗೊಳ್ಳಾವ್ರು ಅದೀವಿ. ಬುಧವಾರ ಮುಂಜಾನೆ ಒಂಬತ್ತಕ್ಕ ಒಯ್ದು ಮಧ್ಯಾಹ್ನ ಎರಡಕ್ಕ ತಂದು ಬಿಡ್ತೀವ್ರಿ. ಪೆಟ್ರೋಲ್ ನಮ್ದು. ಬೇಕಂದ್ರ ನಿಮ್ಮ ಹುಡುಗನ್ನೂ ಕಳಸ್ರಿ.” ದಿನ, ಹೊತ್ತು, ದಾರಿ, ಖರ್ಚು ಎಲ್ಲ ಬಾಯಲ್ಲಿ ಬಂದರೆ ಸುಮ್ಮನೆ ತಿರುಗಾಡಲು ಬಂದವರಲ್ಲ ಎಂದು ಅವರಿಗೆ ತಿಳಿಯುತ್ತದೆ. ಒಪ್ಪಿದ ಮಾತನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿ, ಉತ್ತರ ಪಡೆಯಿರಿ. ಡ್ರೈವ್‌ಗಾಗಿ ಬುಕಿಂಗ್ ಹಣ ಕಟ್ಟಿ ಅಂದರೆ ಬೇಡ ಅನ್ನಿ. ಠೇವಣಿ ಕೇಳಿದರೆ ಎಷ್ಟು, ಯಾವಾಗ ಮರಳುತ್ತದೆ ಎಂಬುದಕ್ಕೆ ರಶೀದಿ ಇರಲಿ.

4. ಕೀಲಿಗೆ ಮೊದಲು ಕಾಗದ

ಚಾಲ್ತಿಯಲ್ಲಿರುವ ಡ್ರೈವಿಂಗ್ ಲೈಸೆನ್ಸ್ ಇದ್ದವರಷ್ಟೇ ಸ್ಟೇರಿಂಗ್ ಹಿಡಿಯಲಿ. ಮಗನಿಗೆ ಎಲ್ಎಲ್ ಅಷ್ಟೇ ಇದ್ದರೆ ಅವನು ಹಿಂದೆ ಕೂರಲಿ. ಡೆಮೊ ಗಾಡಿಯ ಆರ್.ಸಿ., ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರಗಳ ಫೋಟೊ ತೆಗೆದುಕೊಳ್ಳಿ. ವಿಮೆ ಥರ್ಡ್ ಪಾರ್ಟಿ ಮಾತ್ರವೋ, ಕಾಂಪ್ರಹೆನ್ಸಿವ್ ಇದೆಯೋ ನೋಡಿ. ಮೊದಲನೆಯದು ಎದುರಿನವರ ನಷ್ಟವನ್ನಷ್ಟೇ ತುಂಬುತ್ತದೆ. ನೀವು ಓಡಿಸುತ್ತಿರುವ ಕಾರಿಗೆ ಪೆಟ್ಟಾದರೆ ಅದರಿಂದ ಬಿಡಿಗಾಸೂ ಬರದು. ಸಹಿ ಹಾಕುವ ಫಾರ್ಮಿನಲ್ಲಿ ‘ಎಲ್ಲ ಹಾನಿಯೂ ಗ್ರಾಹಕರದ್ದು’ ಎಂಬ ಸಾಲಿದ್ದರೆ ಅಲ್ಲೇ ಪ್ರಶ್ನಿಸಿ.

ಕೆಂಪು ಫಲಕದ ಮೇಲೆ ಬಿಳಿ ಅಕ್ಷರವಿರುವ ಗಾಡಿ ಇನ್ನೂ ನೋಂದಣಿಯಾಗಿಲ್ಲ, ಡೀಲರ್‌ನ ಟ್ರೇಡ್ ಸರ್ಟಿಫಿಕೇಟ್ ಮೇಲೆ ಓಡುತ್ತಿದೆ ಎಂದರ್ಥ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಅದನ್ನು ನಿಗದಿತ ಉದ್ದೇಶಗಳಿಗಷ್ಟೇ ಹೊರಗೆ ತರಬಹುದು. ಅಂಥದನ್ನು ರಾತ್ರಿ ಮನೆ ಮುಂದೆ ನಿಲ್ಲಿಸಿಕೊಳ್ಳಲು ಕೇಳಬೇಡಿ. ನೋಂದಣಿಯಾದ ಡೆಮೊ ಗಾಡಿಯನ್ನೇ ಕೇಳಿ. ಹೊರಡುವ ಮುನ್ನ ಸುತ್ತಲೂ ವಿಡಿಯೊ ಮಾಡಿ, ಹಳೆ ಗೀರುಗಳನ್ನು ಜತೆಯಲ್ಲಿದ್ದವರಿಗೂ ತೋರಿಸಿ. ಟೋಲ್ ಬಂದರೆ ಯಾರ ಫಾಸ್ಟ್ಯಾಗ್ ಎಂಬುದೂ ಮೊದಲೇ ತೀರ್ಮಾನವಾಗಲಿ.

5. ದಾರಿ ನಿಮ್ಮದಿರಲಿ

ಅವಳಿ ನಗರದಲ್ಲಿ ಎಲ್ಲ ಬಗೆಯ ಪರೀಕ್ಷೆಯೂ ಒಂದೇ ಸುತ್ತಿನಲ್ಲಿ ಸಾಧ್ಯ. ಸುಮಾರು 60 ಕಿ.ಮೀ.; ಎರಡು-ಎರಡೂವರೆ ತಾಸು ಸಾಕು.

ಹೊಸೂರು ಕಡೆಯಿಂದ ವಿದ್ಯಾನಗರ, ಉಣಕಲ್, ನವನಗರ, ರಾಯಾಪುರ, ಸತ್ತೂರು ಹಾಯ್ದು ಧಾರವಾಡ ಟೋಲ್ ನಾಕಾ ತಲುಪಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ ನಿಂತು ಹೊರಡುವಾಗ ಎಡಗಾಲು ನೋಯುತ್ತದೆಯೇ, ಎಎಂಟಿ ಗಾಡಿಯಾದರೆ ಗೇರ್ ಬದಲಾಗುವಾಗ ಎಳೆದಾಡುತ್ತದೆಯೇ ನೋಡಿ. ಗಾಡಿ ಹೊಸದೆಂಬ ಹುರುಪಿನಲ್ಲಿ ಚಿಗರಿ ಬಸ್ಸಿನ ಪಥಕ್ಕೆ ನುಗ್ಗಬೇಡಿ.

ಜುಬಿಲಿ ಸರ್ಕಲ್ ದಾಟಿ ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ ಹತ್ತಿ. ಎ.ಸಿ. ಚಾಲೂ ಇರಲಿ, ಸೀಟು ತುಂಬಿರಲಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಹಿಂದೆ ಜಾರುತ್ತದೆಯೇ ತಿಳಿಯುತ್ತದೆ. ವರ್ಷಕ್ಕೆ ನಾಲ್ಕು ಸಲ ಅರಬೈಲ್ ಘಟ್ಟ ಇಳಿದು ಅಂಕೋಲಾ, ಗೋಕರ್ಣಕ್ಕೆ ಹೋಗುವವರು ಈ ಪರೀಕ್ಷೆಯನ್ನು ಬಿಡಲೇಬಾರದು.

ಮರಳುವಾಗ ನರೇಂದ್ರದಿಂದ ಗಬ್ಬೂರಿನತ್ತ ಬೈಪಾಸ್ ಹಿಡಿಯಿರಿ. 80ರ ವೇಗದಲ್ಲಿ ಲಾರಿ ದಾಟುವಾಗ ಎಂಜಿನ್ ಬೇಗ ಓಗೊಡಬೇಕು, ಎದುರುಗಾಳಿಗೆ ಸ್ಟೇರಿಂಗ್ ಅಲುಗಾಡಬಾರದು, ಒಳಗೆ ಮಾತು ಕೇಳಬೇಕು.

ಹೊಲ, ಊರು ಇರುವವರಿಗೆ ಇಷ್ಟು ಸಾಲದು. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣಿನ ದಾರಿಗೂ ಕಲಘಟಗಿ, ಅಳ್ನಾವರ ಕಡೆಯ ಕೆಮ್ಮಣ್ಣಿನ ದಾರಿಗೂ ಗಾಡಿಯ ನಡೆ ಒಂದೇ ಅಲ್ಲ. ಡಾಂಬರು ಬಿಟ್ಟು ಇಳಿಯಲು ಅನುಮತಿ ಪಡೆದು, ಒಣ ದಾರಿಯಲ್ಲಿ ಒಂದೆರಡು ಕಿ.ಮೀ. ಹೋಗಿ ಬನ್ನಿ. ಮನೆ ಹತ್ತಿರದ ಎತ್ತರದ ಹಂಪನ್ನು ಐದು ಮಂದಿ ಕೂತೇ ದಾಟಿ. ತಳ ತಾಗುವುದು ಆಗಲೇ ಗೊತ್ತಾಗುತ್ತದೆ.

6. ಮನೆಮಂದಿ, ಸಾಮಾನು, ಗೇಟು

ಮೊಣಕಾಲು ನೋವಿನ ಅವ್ವನನ್ನು ಹಿಂದಿನ ಸೀಟಿಗೆ ಹತ್ತಿಸಿ, ಇಳಿಸಿ. ಸೀರೆಯುಟ್ಟವರಿಗೆ ಹೊಸ್ತಿಲು ಎತ್ತರವಾಗಿದ್ದರೆ ಪ್ರತಿ ಪ್ರಯಾಣವೂ ಕಷ್ಟ. ಅರ್ಧ ತಾಸು ಹಿಂದೆ ಕುಳಿತವರು ಏನು ಹೇಳುತ್ತಾರೆ ಕೇಳಿ. ಡಿಕ್ಕಿಯಲ್ಲಿ ಜೋಳದ ಚೀಲ, ಸೂಟ್‌ಕೇಸ್, ಗಾಲಿಕುರ್ಚಿ, ನೀವು ನಿಜವಾಗಿ ಒಯ್ಯುವುದನ್ನೇ ಇಟ್ಟು ನೋಡಿ. ಮಾಳಮಡ್ಡಿಯಂಥ ಹಳೆ ಬಡಾವಣೆಯಲ್ಲಿ ಮನೆಯಿದ್ದರೆ ಓಣಿಯಲ್ಲಿ ತಿರುಗಿಸಿ, ಗೇಟಿನೊಳಗೆ ನಿಲ್ಲಿಸಿ, ಬಾಗಿಲು ಪೂರ್ತಿ ತೆರೆಯುತ್ತದೆಯೇ ಪರೀಕ್ಷಿಸಿ.

7. ಮೈಲೇಜ್ ಲೆಕ್ಕ

ಜಾಹೀರಾತಿನ ಮೈಲೇಜ್ ಪ್ರಯೋಗಾಲಯದ ರೋಲರ್ ಮೇಲೆ ಅಳೆದದ್ದು. ನಿಮ್ಮದನ್ನು ತಿಳಿಯಲು ಬಂಕಿನಲ್ಲಿ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರನ್ನು ಸೊನ್ನೆ ಮಾಡಿ. ಮರಳಿ ಬಂದು ಅದೇ ಪಂಪಿನಲ್ಲಿ ಹಾಗೆಯೇ ತುಂಬಿಸಿ. ಓಡಿದ ಕಿಲೊಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಓಟ ಚಿಕ್ಕದಾದಷ್ಟು ತಪ್ಪು ದೊಡ್ಡದು: 4 ಲೀಟರಿನಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೂ ಲೆಕ್ಕ ಶೇ 12ರಷ್ಟು ಏರುಪೇರಾಗುತ್ತದೆ. ವಿದ್ಯುತ್ ಕಾರಿನಲ್ಲಿ ಬ್ಯಾಟರಿಯ ಶೇಕಡಾವಾರು ಬರೆದುಕೊಳ್ಳಿ. 60 ಕಿ.ಮೀ.ಗೆ ಶೇ 25 ಇಳಿದರೆ ಪೂರ್ತಿ ಚಾರ್ಜಿಗೆ 240 ಕಿ.ಮೀ. ಎಂದಾಯಿತು.

8. ಕೊಡಲಿಲ್ಲವೇ?

ಎರಡು ದಾರಿಗಳಿವೆ. ಅದೇ ಮಾಡೆಲ್ ಇಟ್ಟುಕೊಂಡಿರುವ ಬೀಗರೋ ಸಹೋದ್ಯೋಗಿಯೋ ಇದ್ದರೆ ಒಂದು ಭಾನುವಾರ ಅವರ ಜತೆ ಹೋಗಿ. ಸರ್ವಿಸ್ ಖರ್ಚಿನ ನಿಜ ಸಂಗತಿಯೂ ತಿಳಿಯುತ್ತದೆ. ಇಲ್ಲವೇ ಸೆಲ್ಫ್ ಡ್ರೈವ್ ಗಾಡಿ ಬಾಡಿಗೆಗೆ ಪಡೆಯಿರಿ. ಅದಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಹಿಡಿದರೆ ಅಪಘಾತವಾದಾಗ ವಿಮೆಯವರು ಕೈ ಎತ್ತಬಹುದು. ಬಾಡಿಗೆ ಗಾಡಿ ಹಲವರ ಕೈಯಲ್ಲಿ ನುರಿದಿರುತ್ತದೆ. ಅದರ ಎಂಜಿನ್ ಸದ್ದು ನೋಡಿ ನಿರ್ಧರಿಸಬೇಡಿ. ಸೀಟು, ಜಾಗ, ನೋಟ ಇವನ್ನು ಅಳೆಯಿರಿ.

9. ಕೀಲಿ ಮರಳಿಸಿದ ಮೇಲೆ

ಒಪ್ಪಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ತಂದುಬಿಡಿ, ಒಳಗೆ ಕಸ ಉಳಿಸಬೇಡಿ, ಮರಳಿಸಿದ್ದಕ್ಕೂ ವಿಡಿಯೊ ಇರಲಿ. ಅವತ್ತೇ ಬುಕಿಂಗ್ ಮಾಡಬೇಡಿ. ಎರಡನೇ ಕಾರನ್ನು ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಮಂದಿಯನ್ನು ಕೂರಿಸಿಕೊಂಡು ಓಡಿಸಿದ ಮೇಲೆ ಎರಡರ ಟಿಪ್ಪಣಿಯನ್ನು ಪಕ್ಕಪಕ್ಕ ಇಡಿ. ಬುಕಿಂಗ್ ಫಾರ್ಮಿನಲ್ಲಿ ಮಾಡೆಲ್, ಬಣ್ಣ, ಆನ್‌ರೋಡ್ ಬೆಲೆ, ರದ್ದು ಮಾಡಿದರೆ ಮರಳುವ ಮೊತ್ತ ಬರೆದಿದೆಯೇ ಎಂದು ಓದಿ ಸಹಿ ಹಾಕಿ. ನೀವು ಓಡಿಸಿದ್ದು ಡೆಮೊ. ಮನೆಗೆ ಬರುವುದು ಬೇರೆ ಗಾಡಿ. ಅದರ ಚಾಸಿ ನಂಬರ್, ತಯಾರಾದ ತಿಂಗಳು, ಬಣ್ಣ, ಟೈರುಗಳನ್ನು ನೋಂದಣಿಗೆ ಕಳಿಸುವ ಮುನ್ನವೇ ಯಾರ್ಡಿಗೆ ಹೋಗಿ ಹಗಲು ಬೆಳಕಿನಲ್ಲಿ ನೋಡಿ. ನಂಬರ್ ಬಿದ್ದ ಮೇಲೆ ಕಂಡ ದೋಷಕ್ಕೆ ಬದಲಿ ಗಾಡಿ ಸಿಗುವುದು ಕಷ್ಟ. ಆಮೇಲೆ ಸಿಗುವುದು ರಿಪೇರಿ ಮಾತ್ರ.