ಕೋಡ್ ಒಪ್ಪದಿದ್ದರೆ ಮೊದಲು ಫೋನಿನ ಟೈಮ್ ನೋಡಮ್ಮಾ

ನೆಲಮಂಗಲದ ಗೋಡೌನಿನಲ್ಲಿ ಬಿಲ್ಲಿಂಗ್ ಕೆಲಸಕ್ಕೆ ಸೇರಿದ್ದೀಯ ಅಂತ ಕೇಳಿ ತುಂಬಾ ಸಂತೋಷವಾಯಿತು ಮಗಳೇ. ತುಮಕೂರು ರಸ್ತೆ, ಹಾಸನ ರಸ್ತೆ ಕವಲೊಡೆಯುವ ಊರದು, ಲಾರಿಗಳಿಗೆ ಬಿಡುವಿಲ್ಲ. ಲೋಡ್ ಆಗಿರುತ್ತದೆ, ಡ್ರೈವರ್ ಅವಸರ ಮಾಡುತ್ತಿರುತ್ತಾನೆ, ಸರಿಯಾಗಿ ಆಗಲೇ ಸರಕು ಸಾಗಣೆಯ ಇ-ವೇ ಬಿಲ್ ಪೋರ್ಟಲ್ ನಿನ್ನ ಒಟಿಪಿ ತಪ್ಪು ಅನ್ನುತ್ತದೆ. ಆಗ ಗಾಬರಿಯಾಗಬೇಡ.

2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ತಂದ ಮೊದಲ ರಾಜ್ಯ ನಮ್ಮದು. ಆಗ ಯೂಸರ್ ಐಡಿ, ಪಾಸ್‌ವರ್ಡ್ ಇದ್ದರೆ ಸಾಕಿತ್ತು. ಆ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟ ಆಫೀಸುಗಳನ್ನು ಕಣ್ಣಾರೆ ಕಂಡಿದ್ದೇನೆ. ಯಾರೋ ಒಳಹೊಕ್ಕು ಸುಳ್ಳು ಬಿಲ್ ಮಾಡಿದರೆ ಉತ್ತರ ಕೊಡಬೇಕಾದವರು ಮಾಲೀಕರು. ಒಟಿಪಿ ಎಂಬ ಎರಡನೆಯ ಬೀಗ ಬಂದದ್ದು ಅದಕ್ಕೇ. 2023ರಲ್ಲಿ 100 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ ಕಡ್ಡಾಯವಾಯಿತು. 2025ರ ಏಪ್ರಿಲ್ 1ರಿಂದ ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡು ಸೀರೆ ಕಳಿಸುವವರಿಗೂ ಬಿಲ್ ಮಾಡಬೇಕಾದರೆ ಅದೇ ನಿಯಮ.

ಒಟಿಪಿ ಮೂರು ದಾರಿಯಲ್ಲಿ ಸಿಗುತ್ತದೆ: ಎಸ್ಎಂಎಸ್, ಸಂದೇಶ್ ಆ್ಯಪ್, ಎನ್ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್. ದಾಬಸ್‌ಪೇಟೆ ಕಡೆಯ ತಗಡಿನ ಶೆಡ್ಡುಗಳ ಒಳಗೆ ಸಿಗ್ನಲ್ ಸಿಗದೆ ಎಸ್ಎಂಎಸ್ ತಡವಾಗುವುದುಂಟು. ಶೀಲ್ಡ್‌ಗೆ ನೆಟ್ಟೂ ಬೇಡ, ಸಿಗ್ನಲ್ಲೂ ಬೇಡ. ಆದರೆ ಅದನ್ನು ಪೋರ್ಟಲ್ಲಿನ ಮೆನುವಿನಿಂದಲೇ ಇಳಿಸಿಕೋ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಲಿಂಕ್ ಮುಟ್ಟಬೇಡ.

ನೆಟ್ ಇಲ್ಲದೆ ಕೋಡ್ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡರೆ ಅರ್ಧ ತೊಂದರೆ ಅಲ್ಲೇ ಬಗೆಹರಿಯುತ್ತದೆ. ಗೂಗಲ್ ಅಥೆಂಟಿಕೇಟರ್ ಥರದ ಆ್ಯಪ್‌ಗಳು ನೋಂದಣಿಯ ದಿನ ಒಂದು ಗುಟ್ಟಿನ ಕೀಲಿಯನ್ನು ಫೋನಿನಲ್ಲಿ ಇಟ್ಟುಕೊಳ್ಳುತ್ತವೆ. ಆ ಕೀಲಿಯನ್ನೂ ಆ ಕ್ಷಣದ ಸಮಯವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಬರುವ ಅಂಕಿಯೇ ಕೋಡ್. ಅತ್ತ ಸರ್ವರ್ ಕೂಡ ಅದೇ ಲೆಕ್ಕ ಮಾಡುತ್ತದೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅಂಕಿ ಬದಲು. ನಿನ್ನ ಫೋನಿನ ಸಮಯ ಬೇರೆಯಾದರೆ ಲೆಕ್ಕವೂ ಬೇರೆ. ಶೀಲ್ಡ್ ಬಳಸುವವರಿಗೂ ಪೋರ್ಟಲ್ ಇದನ್ನೇ ಹೇಳುತ್ತದೆ: ಆ್ಯಪ್ ತೋರಿಸುವ ಸಮಯ ಪೋರ್ಟಲ್ಲಿನ ಸಮಯಕ್ಕೆ ಹೊಂದಿರಬೇಕು.

ನಮ್ಮ ಕಡೆ ಎಷ್ಟೋ ಜನ ಬಸ್ಸು ತಪ್ಪದಿರಲಿ ಅಂತ ಫೋನಿನ ಟೈಮ್ ಐದು ನಿಮಿಷ ಮುಂದೆ ಇಟ್ಟಿರುತ್ತಾರೆ. ಆ ಐದು ನಿಮಿಷದಲ್ಲಿ ಕೋಡ್ ಹತ್ತು ಸಲ ಬದಲಾಗಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗು, ದಿನಾಂಕ ಮತ್ತು ಸಮಯ ತೆಗೆ, ತಾನಾಗಿ ಹೊಂದಿಸಿಕೊಳ್ಳುವ ಆಯ್ಕೆ ಆನ್ ಮಾಡು. ಕೆಳಗಿನ ಟೈಮ್ ಝೋನ್ ಭಾರತದ್ದೇ ಆಗಿದೆಯಾ ಅಂತಲೂ ನೋಡು. ಝೋನ್ ತಪ್ಪಿದ್ದಾಗ ಕೈಯಿಂದ ಟೈಮ್ ತಿದ್ದಿದರೆ ಮುಳ್ಳು ಸರಿ ಕಂಡರೂ ಒಳಗಿನ ಲೆಕ್ಕ ಗಂಟೆಗಟ್ಟಲೆ ಆಚೀಚೆ ಆಗಿರುತ್ತದೆ. ಆಮೇಲೆ ಹೊಸ ಕೋಡ್ ಬರುವವರೆಗೆ ಕಾದು ಟೈಪ್ ಮಾಡು. ಮುಗಿಯುತ್ತಾ ಬಂದ ಕೋಡಿನ ಹಿಂದೆ ಓಡಬೇಡ.

ಫೋನ್ ಬದಲಾಯಿಸುವಾಗ ಹೊಸದರಲ್ಲಿ ಕೋಡ್ ಸರಿಯಾಗಿ ಬರುವ ತನಕ ಹಳೆಯದನ್ನು ಅಳಿಸಬೇಡ, ಮಾರಲೂ ಬೇಡ. ನಿನ್ನ ಜಿಮೇಲ್‌ಗೆ ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಕಾಗದದಲ್ಲಿ ಬರೆದು ಮನೆಯ ಬೀರುವಿನಲ್ಲಿಡು.

ಇನ್ನೊಂದು ಮಾತು, ಇದನ್ನು ಮನಸ್ಸಿಟ್ಟು ಕೇಳು. ಲಾಗಿನ್ ಆಗದೆ ಪರದಾಡುವಾಗಲೇ ಜನ ತಪ್ಪು ದಾರಿ ಹಿಡಿಯುತ್ತಾರೆ. ಬಿಲ್ ಆಮೇಲೆ ಮಾಡೋಣ, ಲಾರಿ ಬಿಡು ಅಂತ ಯಾರು ಹೇಳಿದರೂ ಒಪ್ಪಬೇಡ; ದಾರಿಯಲ್ಲಿ ಗಾಡಿ ಹಿಡಿದರೆ ದಂಡ ಬೀಳುತ್ತದೆ. ಸರಿಮಾಡಿಕೊಡುತ್ತೇವೆ, ಕೋಡ್ ಹೇಳಿ ಅಂತ ಫೋನ್ ಮಾಡುವವನಿಗೆ ಒಂದಂಕಿಯನ್ನೂ ಹೇಳಬೇಡ. ಅಪ್ಪಿತಪ್ಪಿ ಹೇಳಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು.

ಮಾಲೀಕರು ಊಟಕ್ಕೆ ಕೂತಾಗಲೂ ಅವರಿಗೆ ಫೋನ್ ಮಾಡಿ ಒಟಿಪಿ ಕೇಳುವ ಪದ್ಧತಿ ನನಗೆ ಖಂಡಿತ ಸರಿಕಾಣುವುದಿಲ್ಲ. ಪೋರ್ಟಲ್ಲಿನಲ್ಲಿ ಸಬ್-ಯೂಸರ್ ಮಾಡುವ ಅವಕಾಶವಿದೆ. ಸಬ್-ಯೂಸರ್‌ಗೆ ಅವರದೇ ಮೊಬೈಲ್ ನಂಬರಿನ ಮೇಲೆ ಬೇರೆ ಒಟಿಪಿ ಸಿಗುತ್ತದೆ, ಯಾವ ಬಿಲ್ ಯಾರು ಮಾಡಿದರೆಂಬುದೂ ಗೊತ್ತಾಗುತ್ತದೆ. ಸೋಮವಾರ ಕೆಲಸಕ್ಕೆ ಹೋದ ಕೂಡಲೇ ಮಾಲೀಕರ ಹತ್ತಿರ ಮಾತಾಡಿ ನಿನ್ನ ಹೆಸರಿನಲ್ಲಿ ಅದನ್ನು ಮಾಡಿಸಿಕೋ ಮಗಳೇ.