ಉದ್ಯೋಗ ಸಮೀಕ್ಷೆಯ ಪದಗಳು: ಅರ್ಥ ಮತ್ತು ಬಳಕೆ

ಮಳೆಯಾಶ್ರಿತ ರಾಗಿ ಬೆಳೆಯುವ ಹಳ್ಳಿಗಳಲ್ಲಿ ಬಿತ್ತನೆ, ಕಳೆ ಹಾಗೂ ಕೊಯ್ಲಿನ ಕಾಲದಲ್ಲಿ ಆಳುಗಳು ಸಿಗುವುದಿಲ್ಲ. ಒಕ್ಕಣೆ ಮುಗಿದ ಮೇಲೆ ಮುಂಗಾರಿನವರೆಗೆ ಅದೇ ಆಳುಗಳಿಗೆ ಕೆಲಸ ಸಿಗುವುದಿಲ್ಲ. ಇದಕ್ಕೆ ಋತುಕಾಲಿಕ ನಿರುದ್ಯೋಗ ಎಂದು ಹೆಸರು. ಆದರೂ ಇಂಥ ಹಳ್ಳಿಗಳಲ್ಲಿ ನಿರುದ್ಯೋಗ ಅತ್ಯಲ್ಪವೆಂದು ವರದಿಯಾಗುವುದುಂಟು. ಲೆಕ್ಕ ತಪ್ಪೆಂದಲ್ಲ, ಅಳತೆಗೋಲು ಬೇರೆ. ಆದ್ದರಿಂದ ರೈತರೂ ವಿಸ್ತರಣಾ ಕಾರ್ಯಕರ್ತರೂ ಈ ಪದಗಳನ್ನು ಅರಿತಿರುವುದು ಅಗತ್ಯ.

1. ಮೂರು ಅಳತೆಗೋಲುಗಳು

ದಾಂತ್ವಾಲಾ ಸಮಿತಿ 1970ರಲ್ಲಿ ವರದಿ ನೀಡಿದ ನಂತರ, ರಾಷ್ಟ್ರೀಯ ಮಾದರಿ ಸಮೀಕ್ಷೆಯು 1972-73ರಿಂದ ಮೂರು ಅಳತೆಗಳನ್ನು ಬಳಸತೊಡಗಿತು.

ವಾಡಿಕೆಯ ಸ್ಥಿತಿ: ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ಏನು ಮಾಡಿದರು ಎಂಬುದನ್ನು ನೋಡುತ್ತದೆ. ಐದು ತಿಂಗಳು ದುಡಿದು, ನಾಲ್ಕು ತಿಂಗಳು ಕೆಲಸ ಹುಡುಕಿದವನು ಇಲ್ಲಿ ಉದ್ಯೋಗಿ.

ವಾರದ ಸ್ಥಿತಿ: ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಉದ್ಯೋಗಿಯೇ.

ದೈನಿಕ ಸ್ಥಿತಿ: ಪ್ರತಿ ದಿನವನ್ನೂ ಎರಡು ಅರ್ಧಗಳಾಗಿ ಎಣಿಸುತ್ತದೆ. ನಾಲ್ಕು ಗಂಟೆ ಅಥವಾ ಹೆಚ್ಚು ದುಡಿದರೆ ಪೂರ್ಣ ದಿನ. ಒಂದರಿಂದ ನಾಲ್ಕು ಗಂಟೆಯೊಳಗಾದರೆ ಅರ್ಧ ದಿನ.

ಉದಾಹರಣೆಗೆ, ಒಬ್ಬ ಕೂಲಿಕಾರಳು ಸೋಮವಾರ ಇಡೀ ದಿನ, ಗುರುವಾರ ಎರಡು ಗಂಟೆ ದುಡಿದಳು. ಉಳಿದ ವೇಳೆಯಲ್ಲಿ ಕೆಲಸ ಹುಡುಕಿದರೂ ಸಿಗಲಿಲ್ಲ. ವಾರದ ಲೆಕ್ಕದಲ್ಲಿ ಆಕೆ ಉದ್ಯೋಗಿ. ದೈನಿಕ ಲೆಕ್ಕದಲ್ಲಿ ಒಂದೂವರೆ ದಿನ ಕೆಲಸ, ಐದೂವರೆ ದಿನ ನಿರುದ್ಯೋಗ. ಒಲೆಯ ಮೇಲಿನ ಮಡಕೆಗೆ ಹತ್ತಿರವಾದದ್ದು ಎರಡನೆಯ ಲೆಕ್ಕ.

2. ಮರೆಯಾದ ನಿರುದ್ಯೋಗ

ಇಬ್ಬರು ಮಾಡಬಹುದಾದ ಹೊಲದ ಕೆಲಸವನ್ನು ಮನೆಯ ನಾಲ್ವರು ಹಂಚಿಕೊಂಡರೆ ಎಲ್ಲರೂ ದುಡಿಯುವವರಂತೆ ಕಾಣುತ್ತಾರೆ. ಇಬ್ಬರು ಬೇರೆಡೆಗೆ ಹೋದರೂ ಇಳುವರಿ ತಗ್ಗದಿದ್ದರೆ ಅಲ್ಲಿ ಮರೆಯಾದ ನಿರುದ್ಯೋಗವಿದೆಯೆಂದು ತಿಳಿಯಬೇಕು. ಆದರೆ ನಾಟಿ, ಕೊಯ್ಲಿನ ವೇಳೆಯಲ್ಲಿ ಆ ನಾಲ್ವರೂ ಬೇಕಾಗಬಹುದು. ಆದ್ದರಿಂದ ವರ್ಷದ ಯಾವ ತಿಂಗಳಿನ ಲೆಕ್ಕ ಎಂಬುದನ್ನು ಮೊದಲು ಕೇಳಬೇಕು.

3. ಮಾನವ ದಿನ

ಒಬ್ಬರ ಒಂದು ದಿನದ ದುಡಿಮೆಯೇ ಮಾನವ ದಿನ. 10 ಜನ 6 ದಿನ ಬದು ಹಾಕಿದರೆ 60 ಮಾನವ ದಿನ. ಸರಾಸರಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಹತ್ತು ಕುಟುಂಬಗಳಲ್ಲಿ ಎರಡಕ್ಕೆ ತಲಾ 100 ದಿನ, ಎಂಟಕ್ಕೆ ತಲಾ 10 ದಿನ ಕೆಲಸ ಸಿಕ್ಕರೆ ಸರಾಸರಿ 28. ಆದರೆ 28 ದಿನ ಕೆಲಸ ಸಿಕ್ಕ ಕುಟುಂಬ ಅವುಗಳಲ್ಲಿ ಒಂದೂ ಇಲ್ಲ!

4. ನೈಜ ಕೂಲಿ

ಕೈಗೆ ಬರುವ ಹಣ ನಗದು ಕೂಲಿ. ಅದರಿಂದ ಕೊಳ್ಳಬಹುದಾದ ರಾಗಿ, ಬೇಳೆ, ಎಣ್ಣೆಯ ಪ್ರಮಾಣ ನೈಜ ಕೂಲಿ. ಕೂಲಿ ಶೇ. 10ರಷ್ಟು, ದಿನಸಿ ಬೆಲೆ ಶೇ. 20ರಷ್ಟು ಏರಿದರೆ ನೈಜ ಕೂಲಿ ಇಳಿದಂತೆ.

5. ಬೇಡಿಕೆ

ಗ್ರಾಮೀಣ ಉದ್ಯೋಗ ಖಾತರಿಯ 2005ರ ಕಾಯ್ದೆ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ನೀಡಿತು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ದೊರೆಯದಿದ್ದರೆ ನಿರುದ್ಯೋಗ ಭತ್ಯೆಗೂ ಅದರಲ್ಲಿ ಅವಕಾಶವಿತ್ತು. ಬಾಯಿಮಾತಿನಲ್ಲಿ ಕೇಳಿದ ಕೆಲಸ ದಾಖಲೆಯಲ್ಲಿ ಬೇಡಿಕೆಯೆನಿಸದು. ಆದ್ದರಿಂದ ಯಾವ ಯೋಜನೆಯಲ್ಲೇ ಆಗಲಿ, ಅರ್ಜಿಯನ್ನು ಲಿಖಿತವಾಗಿ ಕೊಟ್ಟು ದಿನಾಂಕವಿರುವ ರಸೀದಿ ಪಡೆಯುವುದು ಒಳ್ಳೆಯದು. ಕಾರ್ಯಕರ್ತರು ಇದನ್ನು ಗ್ರಾಮಸಭೆಯಲ್ಲಿ ತಿಳಿಸಿಕೊಟ್ಟರೆ ಬೇಸಿಗೆಯಲ್ಲಿ ಖಾಲಿ ಕುಳಿತ ಕೈಗಳು ಲೆಕ್ಕಕ್ಕೂ ಸಿಗುತ್ತವೆ, ಕೆಲಸಕ್ಕೂ ಸಿಗುತ್ತವೆ.