ಕೇಳಸ್ತದ ಖರೆ, ತಿಳಿವಲ್ದು

ತಾಂಡೂರಿನ ಕಲ್ಲು ಪಾಲಿಶ್ ಮಾಡುವ ಘಟಕವೊಂದರಲ್ಲಿ ವರ್ಷಾನುಗಟ್ಟಲೆ ಲೆಕ್ಕ ಬರೆದವ ನಾನು. ಮಷೀನು ಕಲ್ಲು ಸೀಳುವ ಸದ್ದು ದಿನವಿಡೀ ಮೇಜಿನ ತನಕ ಬರುತ್ತಿತ್ತು. ಐವತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಸದ್ದು ಬರುತ್ತದೆ, ಮಾತು ಬಿಡಿಸಿಕೊಳ್ಳುವುದಿಲ್ಲ. “ಕೇಳಸ್ತದ ಖರೆ, ತಿಳಿವಲ್ದು” ಅಂದರೆ ಮನೆಯವರು ಇನ್ನೂ ಜೋರಾಗಿ ಒದರುತ್ತಿದ್ದರು.

ಒದರಿದರೆ ಉಪಯೋಗವಿಲ್ಲ ಎಂಬುದು ಆಮೇಲೆ ತಿಳಿಯಿತು. ಒಳಗಿವಿಯಿಂದ ಮೆದುಳಿಗೆ ಸುದ್ದಿ ಮುಟ್ಟಿಸುವ ಮುಖ್ಯ ಕೂದಲಕೋಶಗಳು ಒಂದು ಕಿವಿಗೆ ಸುಮಾರು 3,500. ಸತ್ತರೆ ಮತ್ತೆ ಹುಟ್ಟವು. ಗದ್ದಲಕ್ಕೆ ಮೊದಲು ಪೆಟ್ಟು ತಿನ್ನುವುದು ಕೀರಲು ಸದ್ದು ಹಿಡಿಯುವ ಭಾಗ. ಆ, ಓಗಳು ಉಳಿಯುತ್ತವೆ. ಸ, ತ, ಟಗಳ ಅಂಚು ಅಳಿಸುತ್ತದೆ. ಒದರಿದಾಗ ಹಿಗ್ಗುವುದು ಆ ಆ, ಓಗಳೇ.

ಬಿಟ್ಟುಹೋದದ್ದನ್ನು ಮೆದುಳು ಊಹಿಸಿ ತುಂಬುತ್ತದೆ. 1970ರಲ್ಲಿ ರಿಚರ್ಡ್ ವಾರನ್ ಎಂಬ ವಿಜ್ಞಾನಿ ವಾಕ್ಯವೊಂದರ ಒಂದು ಧ್ವನಿ ಕತ್ತರಿಸಿ ಅಲ್ಲಿ ಕೆಮ್ಮು ಕೂಡಿಸಿದರು. ಕೇಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆ ಇಲ್ಲದ ಧ್ವನಿ ಕೇಳಿಸಿತ್ತು!

ಆದರೆ ಊಹಿಸಲು ಯಾವ ಭಾಷೆ ಎಂಬುದಾದರೂ ಗೊತ್ತಿರಬೇಕಲ್ಲ. ನಮ್ಮದು ಗಡಿಸೀಮೆ, ತೊಡಕು ಅಲ್ಲೇ: ರಾಜ್ಯಗಳ ಗಡಿ ಬದಲಾದ 1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ನಮ್ಮ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿ. ಈಗಲೂ ಇಲ್ಲಿ ಒಂದೇ ವ್ಯವಹಾರದಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಓಡಾಡುತ್ತವೆ. ದಖನಿಯ ಸಾತ್, ಸಾಠ್‌ಗಳನ್ನೇ ನೋಡಿ: ಏಳಕ್ಕೂ ಅರವತ್ತಕ್ಕೂ ವ್ಯತ್ಯಾಸ ಕೊನೆಯ ಒಂದು ವ್ಯಂಜನದಲ್ಲಿದೆ, ನನಗೆ ಕೇಳಿಸದಿರುವುದೂ ಅದೇ. ಲಾರಿಯ ಲೆಕ್ಕವಾದರೆ ಏಳೇ ಇರಬೇಕೆಂದು ಮೆದುಳು ತೀರ್ಮಾನಿಸಿಬಿಡುತ್ತದೆ. ತೊಗರಿ ಚೀಲವಾದರೆ ಎರಡೂ ಸಾಧ್ಯ; ಅಲ್ಲಿ “ಬರದು ತೋರ್ಸಪ್ಪ” ಅನ್ನುತ್ತೇನೆ. ನಾಚಿಕೆ ಬಿಟ್ಟಿದ್ದೇನೆ.

ಶ್ರವಣಯಂತ್ರ ಹಾಕಿದ ಮೊದಲ ವಾರ ನರಕ. ಫ್ಯಾನು, ತಾಟು, ಚಪ್ಪಲಿ ಎಲ್ಲವೂ ಮೈಮೇಲೆ ಬಂದವು. ವರ್ಷಗಳಿಂದ ಆ ಸದ್ದುಗಳಿಲ್ಲದೆ ಇದ್ದ ಮೆದುಳಿಗೆ ಯಾವುದು ಬೇಕು, ಯಾವುದು ಬೇಡ ಎಂದು ಮತ್ತೆ ಕಲಿಯಬೇಕಾಗುತ್ತದಂತೆ. ಹಬ್ಬ-ಹುಣ್ಣಿಮೆಗೆ ಮಾತ್ರ ಹಾಕಿದರೆ ಅದು ಕಲಿಯುವುದಾದರೂ ಯಾವಾಗ? ದಿನವೂ ಹಾಕಿಕೊಂಡು ಪೇಪರು ಗಟ್ಟಿಯಾಗಿ ಓದಿದೆ; ಮುಂದಿನ ಅಕ್ಷರ ಕಣ್ಣಿಗೆ ಕಂಡರೆ ಕಿವಿಗೂ ದಾರಿ ಸಿಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಫ್ಯಾನು ತಾನಾಗಿ ಹಿಂದೆ ಸರಿಯಿತು.

ಮನೆಯವರಿಗೂ ಹೇಳಿಟ್ಟಿದ್ದೇನೆ: ಮೊದಲು ಕೂಗಿ ಕರೀರಿ, ಎದುರಿಗೆ ಬರ್ರಿ, ಆಮೇಲೆ ಮಾತಾಡ್ರಿ. ತುಟಿ ನೋಡಿದರೆ ಅರ್ಧ ಕೆಲಸವಾದಂತೆ. ನಾರಾಯಣಖೇಡದ ಬೀಗರ ಮದುವೆಗಳ ಡೀಜೆ ಮುಂದೆ ಇದ್ಯಾವುದೂ ನಡೆಯುವುದಿಲ್ಲ. ಉಳಿದ ಕೋಶಗಳಾದರೂ ಉಳಿಯಲಿ ಎಂದು ಅಕ್ಷತೆ ಹಾಕಿದವನೇ ಊಟದ ಸಾಲಿಗೆ ಹೋಗಿಬಿಡುತ್ತೇನೆ.